ನೀರು ಕೊಡಬಾರದ ತಿಂಗಳು

ಪೀಚ್ ಗಿಡಕ್ಕೆ ವರ್ಷದಲ್ಲಿ ಒಂದು ತಿಂಗಳು ನೀರು ಕೊಡಬಾರದು. ಈ ಒಂದು ಮಾತನ್ನು ನಮ್ಮ ಮನೆಯವರಿಗೆ ತಿಳಿಯುವ ಹಾಗೆ ಹೇಳಲು ನನಗೆ ನಾಲ್ಕು ವರ್ಷ ಹಿಡಿಯಿತು. ಅಷ್ಟರೊಳಗೆ ಗಿಡಕ್ಕೆ ಕೊಡಲಿ ಬೀಳುವ ದಿನವೂ ಗೊತ್ತಾಗಿಹೋಗಿತ್ತು.

ನೀವು ಮೊಮ್ಮಕ್ಕಳು ಯಾರೂ ಆ ಮರವನ್ನು ನೋಡಿದವರಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಆದರೂ ಹೇಳುವುದಕ್ಕಿಂತ ಬರೆಯುವುದೇ ನನಗೆ ಸುಲಭ. ಬರೆಯುವಾಗ ಯಾರೂ ಮುಖ ನೋಡುತ್ತಾ ಕೂತಿರುವುದಿಲ್ಲ.

ನನ್ನ ತವರು ರಾಯದುರ್ಗದ ಹತ್ತಿರದ ಹಳ್ಳಿ. ಅಪ್ಪ ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ಮಾಲಿಯಾಗಿದ್ದ. ಆ ದೊರೆಸಾನಿಗೆ ಪೀಚ್ ಹಣ್ಣಿನ ಹಂಬಲ. ಬೆಂಗಳೂರಿನಿಂದ ಸಸಿಗಳನ್ನು ತರಿಸಿ ಬಂಗಲೆಯ ಹಿಂದೆ ನೆಡಿಸಿದ್ದಳು. ಅವುಗಳಿಂದ ಹಣ್ಣು ಬಿಡಿಸುವ ಕೆಲಸವನ್ನು ಬೆಂಗಳೂರಿನ ಒಬ್ಬ ಮುದುಕ ಮಾಲಿ ಬಂದು ಅಪ್ಪನಿಗೆ ಕಲಿಸಿಹೋದ. ಅಪ್ಪ ಕಲಿತ. ಬಳ್ಳಾರಿಯ ಬಿಸಿಲು ಕಲಿಯಲಿಲ್ಲ. ಹನ್ನೆರಡು ವರ್ಷ ಅಪ್ಪ ಆ ಮರಗಳ ಚಾಕರಿ ಮಾಡಿದ. ಹೂ ಬಿಡುತ್ತಿತ್ತು, ಬಿಸಿಗಾಳಿ ಬೀಸುತ್ತಿತ್ತು, ಉದುರುತ್ತಿತ್ತು. ಒಂದೇ ಒಂದು ಹಣ್ಣನ್ನು ಅವನು ನೋಡಲಿಲ್ಲ. ಆಮೇಲೆ ದೊರೆಗೆ ವರ್ಗವಾಯಿತು. ಹೊಸದಾಗಿ ಬಂದವರಿಗೆ ಚೆಂಡಾಡುವ ಜಾಗ ಬೇಕಾಗಿತ್ತು. ಮರಗಳೂ ಹೋದವು, ಅಪ್ಪನ ಕೆಲಸವೂ ಹೋಯಿತು. ಅವನು ಕಸಿ ಕಟ್ಟಿದ ಒಂದು ಸಸಿಯನ್ನು ಸೀಮೆಎಣ್ಣೆ ಡಬ್ಬದಲ್ಲಿಟ್ಟುಕೊಂಡು ಊರಿಗೆ ಬಂದ.

ಅದೇ ವರ್ಷ ನನ್ನನ್ನು ನೋಡಲು ಮಡಕಶಿರಾ ಕಡೆಯವರು ಬಂದರು. ಅಪ್ಪ ಹುಡುಗನ ವಿಷಯ ಹೆಚ್ಚು ಕೇಳಲಿಲ್ಲ. “ನಿಮ್ಮ ಕಡೆ ಚಳಿ ಹೆಂಗ ಇರತದ್ರಿ?” ಎಂದು ಕೇಳಿದ.

“ಮಾಗಿನಾಗೆ ಎರಡು ಕಂಬಳಿ ಬೇಕು ಸ್ವಾಮಿ” ಎಂದರು ಬಂದವರು.

ಅಪ್ಪ ಒಪ್ಪಿಕೊಂಡ.

ನನ್ನನ್ನು ಗಂಡನ ಮನೆಗೆ ಕಳಿಸುವ ದಿನ ಡಬ್ಬವನ್ನು ತಂದು ನನ್ನ ಮುಂದಿಟ್ಟ. “ನೋಡವ್ವ, ಇದು ಚಳಿ ಸೀಮಿ ಗಿಡ. ಅಲ್ಲಿ ಚಳಿಗಾಲದಾಗ ಮಲಗತದ, ಆಮ್ಯಾಲ ಎದ್ದು ಹೂ ಬಿಡತದ. ನಮ್ಮ ಕಡೆ ಅದಕ್ಕ ನಿದ್ದಿ ಬರಂಗಿಲ್ಲ. ನಾವ ಮಲಗಸಬೇಕು.”

“ಹೆಂಗ ಮಲಗಸೋದಪ್ಪ?”

“ಕಾರ್ತೀಕ ಮುಗದ ಕೂಡಲೇ ನೀರ ಬಂದ್ ಮಾಡು. ಒಂದು ಹನಿ ಹಾಕಬ್ಯಾಡ. ಬುಡದ ಮಣ್ಣು ತಗದು ಬೇರಿಗೆ ಬಿಸಲ ತೋರಸು. ಎಲಿ ಎಲ್ಲಾ ಉದರಬೇಕು, ಉದರದಿದ್ದದ್ದು ನೀನ ಕೀಳು. ನೋಡಿದವರು ಸತ್ತತು ಅನಬೇಕು, ಹಂಗ. ಸಂಕ್ರಾಂತಿಗೆ ಹಳೇ ಗೊಬ್ಬರ ತುಂಬಿ ನೀರ ಹಾಕು. ಏಳತದ.”

“ಏಳಲಿಲ್ಲಂದ್ರ?”

“ಏಳತದ. ನನಗಂತೂ ಒಂದು ಹಣ್ಣ ನೋಡೋದು ಆಗಲಿಲ್ಲ. ಬಿಟ್ಟಾಗ ಹೇಳಿ ಕಳಸು, ಬರತೀನಿ.”

ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳ ಹಿಂದೆ ಇದ್ದಿಲ ಒಲೆ ಕಟ್ಟಿರುತ್ತಿದ್ದರು. ದಿಣ್ಣೆ ಬಂದರೆ ಜನ ಇಳಿದು ನಡೆಯಬೇಕು. ಇಳಿದಾಗಲೆಲ್ಲ ನಾನು ಡಬ್ಬವನ್ನೂ ಇಳಿಸಿಕೊಂಡು ನಡೆದೆ. ಕಂಡಕ್ಟರು, “ಏನಮ್ಮಾ, ಗಿಡಕ್ಕೂ ಟಿಕೆಟ್ ತಗೊಂಡಿದ್ದೀರಾ?” ಎಂದ. ನಿಮ್ಮ ತಾತ ಡಬ್ಬಕ್ಕೂ ತಮಗೂ ಸಂಬಂಧವಿಲ್ಲದವರ ಹಾಗೆ ಬೆಟ್ಟ ನೋಡುತ್ತಾ ನಡೆದರು. ಎರಡು ಬಸ್ಸು, ಒಂದು ಎತ್ತಿನ ಗಾಡಿ ಬದಲಾಯಿಸಿ, ಮಡಕಶಿರಾ ದಾಟಿ, ರೊಳ್ಳದ ದಾರಿಯಲ್ಲಿರುವ ನಮ್ಮ ಊರು ಸೇರುವಾಗ ಗಿಡದಲ್ಲಿ ಏಳು ಎಲೆ ಉಳಿದಿದ್ದವು.

ಮಾವನವರ ಮನೆಗೆ ಊರಿನಲ್ಲಿ ಅರವಟ್ಟಿಗೆ ಮನೆ ಎಂದು ಹೆಸರು. ಶಿವರಾತ್ರಿ ಕಳೆದ ಮೇಲೆ ಅವರು ರಸ್ತೆ ಬದಿಯ ಹುಣಸೆಮರದ ಕೆಳಗೆ ಗುಡಿಸಲು ಹಾಕಿಸಿ, ಮಡಕೆಗಳಲ್ಲಿ ನೀರು ತುಂಬಿಸಿ, ಮಳೆ ಬರುವ ತನಕ ದಾರಿಹೋಕರಿಗೆ ಕೊಡುತ್ತಿದ್ದರು. ಅವರ ಅಪ್ಪನ ಕಾಲದಿಂದ ಒಂದು ಬೇಸಿಗೆಯೂ ತಪ್ಪಿರಲಿಲ್ಲ. ನೀರು ಕೇಳಿದವರಿಗೆ ಇಲ್ಲವೆಂದ ಮನೆಯಲ್ಲ. ಕೇಳದವರಿಗೂ ಕೊಡುತ್ತಿದ್ದರು. ಅಂಗಳದಲ್ಲಿ ಯಾರಾದರೂ ಬಂದು ನಿಂತರೆ ಅವರು ಬಾಯಿ ತೆರೆಯುವ ಮೊದಲು ಕೈಗೆ ಚೊಂಬು ಬರುತ್ತಿತ್ತು. ಕೋರ್ಟಿನ ಒಬ್ಬ ಅಮೀನ ಕಾಗದ ಜಾರಿ ಮಾಡಲು ಬಂದು, ನೀರು ಕುಡಿದು, ಬಂದ ಕೆಲಸ ಮರೆತು ಹೋದನೆಂದು ಅತ್ತೆ ಹೇಳುತ್ತಿದ್ದರು.

ಇಂಥ ಮನೆಗೆ ನಾನು ನೀರು ಕೊಡಬಾರದ ಗಿಡ ತಂದಿದ್ದೆ.

ಹಿತ್ತಲಲ್ಲಿ ಜಾಗ ಆರಿಸಿದವರು ಮಾವನವರೇ. ಕೈಕಾಲು ತೊಳೆಯುವ ಕಲ್ಲಿನ ಪಕ್ಕದಲ್ಲಿ ಗುಂಡಿ ತೋಡಿಸಿ, “ನೀರು ತಾನಾಗಿ ಬೀಳೋ ಕಡೆ ಇರ್ಲಿ, ದೂರದಿಂದ ಬಂದೈತೆ” ಎಂದರು. ಅಲ್ಲಿ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಆ ಕಾಲದಲ್ಲಿ ಸೊಸೆ ಮಾವನ ಎದುರು ನಿಂತು ಮಾತನಾಡುತ್ತಿರಲಿಲ್ಲ, ಮಾವನೂ ಸೊಸೆಯನ್ನು ಮಾತನಾಡಿಸುತ್ತಿರಲಿಲ್ಲ. ಹೇಳಲೇಬೇಕಾದದ್ದು ಇದ್ದರೆ ಇಬ್ಬರೂ ಹಿತ್ತಲಿನ ಎಮ್ಮೆಗೆ ಹೇಳುತ್ತಿದ್ದೆವು. ನಾನು ಎಮ್ಮೆಯ ಕಡೆ ತಿರುಗಿ “ಊಟಕ್ಕೆ ಹೊತ್ತಾಯ್ತು” ಎನ್ನುವುದು, ಅವರು ಎಮ್ಮೆಯ ಕಡೆ ತಿರುಗಿ “ಬತ್ತೀನಿ ಅನ್ನು” ಎನ್ನುವುದು. ಎಮ್ಮೆಗೆ ನಮ್ಮ ಮನೆಯ ಅಷ್ಟೂ ವಿಷಯ ಗೊತ್ತಿತ್ತು.

ಗಿಡ ಚೆನ್ನಾಗಿ ಬೆಳೆಯಿತು. ಎಷ್ಟು ಚೆನ್ನಾಗಿ ಎಂದರೆ ಮೊದಲ ಕಾರ್ತೀಕಕ್ಕೇ ನನ್ನ ಎತ್ತರ ಬಂತು. ನಾನು ನಿಮ್ಮ ತಾತನಿಗೆ ಅಪ್ಪನ ಮಾತು ತಿಳಿಸಿದೆ. ಅವರು ಊಟಕ್ಕೆ ಕೂತಾಗ ಮಾವನವರಿಗೆ ಹೇಳಿದರು. ಮಾವನವರು ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

“ಒಂದು ತಿಂಗಳು ನೀರು ಬಿಡಿಸಬೇಕಾ?”

“ಹೂ ಅಂತೆ.”

“ಬೇರು ಕಿತ್ತು ಬಿಸಿಲಿಗೆ ಇಕ್ಕಬೇಕಾ?”

“ಕೀಳೋದಲ್ಲವಂತೆ. ಮೇಲಿನ ಮಣ್ಣು ತೆಗೆಯೋದಂತೆ.”

“ಎಲೆ ತರಿದು ಹಾಕಬೇಕಾ?”

“ಅಂತೆ.”

ಮಾವನವರು, “ಬೀಗರಿಗೆ ಆ ದೊರೆ ಮೇಲೆ ಏನೋ ಸಿಟ್ಟಿತ್ತು ಅನ್ನಿಸ್ತೈತೆ” ಎಂದು ಮತ್ತೆ ಮುದ್ದೆ ಮುರಿದರು. ಆ ವರ್ಷದ ಮಾತು ಅಲ್ಲಿಗೆ ಮುಗಿಯಿತು.

ಎರಡನೇ ವರ್ಷ ನಾನು ಯಾರಿಗೂ ಹೇಳದೆ ಕೆಲಸಕ್ಕೆ ಇಳಿದೆ. ಕಾರ್ತೀಕ ಮುಗಿದ ಮಾರನೆಯ ದಿನ, ಗಂಡಸರು ಕಡಲೆಕಾಯಿ ಬಿಡಿಸಲು ಹೊಲಕ್ಕೆ ಹೋದ ಮೇಲೆ, ಗುದ್ದಲಿ ಹಿಡಿದು ಬುಡದ ಸುತ್ತ ಒಂದು ಗೇಣು ಆಳ ಮಣ್ಣು ತೆಗೆದೆ. ಬೇರುಗಳು ಮುದುಕರ ಕೈ ನರಗಳ ಹಾಗೆ ಎದ್ದು ಕಂಡವು. ಕಲ್ಲಿನ ಮೇಲೆ ಬಿದ್ದ ನೀರು ಅತ್ತ ಹರಿಯದಂತೆ ಮಣ್ಣಿನ ಬದು ಕಟ್ಟಿದೆ. ಅತ್ತೆ ಬಂದು ನೋಡಿ ಏನೂ ಅನ್ನಲಿಲ್ಲ. ಅತ್ತೆ ಏನೂ ಅನ್ನದಿದ್ದರೆ ನಾನು ಎಚ್ಚರವಾಗಿರಬೇಕಿತ್ತು.

ಹತ್ತು ದಿನವಾದರೂ ಒಂದು ಎಲೆ ಬಾಡಲಿಲ್ಲ. ಬುಡ ಮುಟ್ಟಿ ನೋಡಿದರೆ ತೇವ. ನಾನು ಮೊದಲು ಎಮ್ಮೆಯ ಮೇಲೆ ಅನುಮಾನಪಟ್ಟೆ. ಅದನ್ನು ಆಚೆ ಗೂಟಕ್ಕೆ ಕಟ್ಟಿದೆ. ತೇವ ಹೋಗಲಿಲ್ಲ. ಕಡೆಗೆ ಒಂದು ದಿನ ತಲೆನೋವೆಂದು ಹೇಳಿ, ಬೆಳಗಿನಿಂದ ಕೊಟ್ಟಿಗೆಯ ತಡಿಕೆಯ ಹಿಂದೆ ಕೂತೆ.

ಮೊದಲು ಬಂದವರು ಅತ್ತೆ. ಅಕ್ಕಿ ತೊಳೆದ ನೀರನ್ನು ಗುಂಡಿಗೆ ಸುರಿದು, ಸೆರಗಿನಲ್ಲಿ ಪಾತ್ರೆ ಮುಚ್ಚಿಕೊಂಡು ಹೋದರು. ಅವರಾದ ಮೇಲೆ ಮೈದುನ ಹೊಲದಿಂದ ಬಂದ. ಬಾಯಿ ಮುಕ್ಕಳಿಸುವವನಂತೆ ಎರಡು ಚೊಂಬು ನೀರು ತಂದು ಎರಡನ್ನೂ ಮುಕ್ಕಳಿಸದೆ ಬುಡಕ್ಕೆ ಹೊಯ್ದ. ಮಾವನವರು ಬಂದು, ಅತ್ತ ಇತ್ತ ನೋಡಿ, ಒಂದು ಬಿಂದಿಗೆ ಪೂರ್ತಿ ಬಗ್ಗಿಸಿ, “ಕುಡಿ, ಕುಡಿ. ಅವಳು ನೋಡಾದ್ರೊಳಗೆ ಕುಡಿ” ಎಂದರು. ಸ್ವಲ್ಪ ಹೊತ್ತಿಗೆ ನಿಮ್ಮ ತಾತ ಬಂದರು. ಅವರ ಕೈಯಲ್ಲೂ ಚೊಂಬಿತ್ತು. ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದವಳು ನಾನು.

ಇವರು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಉಳಿದವರೆಲ್ಲ ಕಲ್ಲೆದೆಯವರು, ತಾನೊಬ್ಬನೇ ಗಿಡದ ಜೀವ ಹಿಡಿದಿದ್ದೇನೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ಗಿಡ ಆ ವರ್ಷ ಬೇರೆ ವರ್ಷಗಳಿಗಿಂತ ಹೆಚ್ಚು ನೀರು ಕುಡಿಯಿತು. ಸಂಕ್ರಾಂತಿಗೆ ಹೂವಿನ ಬದಲು ಇನ್ನಷ್ಟು ಎಲೆ ಬಿಟ್ಟಿತು. ಎಲೆ ಮಾವಿನ ಎಲೆಯನ್ನೇ ಕಿರಿದು ಮಾಡಿದಂತಿದ್ದುದರಿಂದ ಅತ್ತೆ ಹಬ್ಬಕ್ಕೆ ಅದರದ್ದೇ ತೋರಣ ಕಟ್ಟಿದರು. “ದಂಡಕ್ಕೇನೂ ಬಂದಿಲ್ಲ ಬಿಡು” ಎಂದರು.

ಮೂರನೇ ಮಾಗಿಯಲ್ಲಿ ನಾನು ಬಾಣಂತನಕ್ಕೆ ರಾಯದುರ್ಗದ ಕಡೆ ಹೋಗಿದ್ದೆ. ನಾನಿಲ್ಲದಾಗ ಗಿಡವನ್ನು ಎಲ್ಲರೂ ಬಹಳ ಅಕ್ಕರೆಯಿಂದ ನೋಡಿಕೊಂಡರಂತೆ. ತವರಿನಲ್ಲಿ ಅಪ್ಪ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, “ಗಿಡ ಹೆಂಗದ?” ಎಂದು ಕೇಳಿದ.

“ಹಸರಾಗೇತಿ.”

“ಯಾಕ ಹಸರಾಗೇತಿ? ಈ ತಿಂಗಳದಾಗ ಹಸರ ಇರಬಾರದಲ್ಲ?”

ನಾನು ಎಲ್ಲ ಹೇಳಿದೆ. ಅಪ್ಪ ಕೂಸಿನ ಕಾಲು ಸವರುತ್ತಾ ಕೂತಿದ್ದ. “ಒಳ್ಳೇ ಮಂದಿ ಕೈಗೆ ಸಿಕ್ಕತು ಪಾಪ” ಎಂದ. ಆಮೇಲೆ, “ನಾ ಇನ್ನ ಎಷ್ಟ ವರ್ಷ ಕಾಯಲಿ?” ಎಂದು ಕೇಳಿದ. ಅವನು ನಗುನಗುತ್ತಲೇ ಕೇಳಿದ್ದು. ಆದರೆ ಆ ವರ್ಷ ಅವನಿಗೆ ದಮ್ಮು ಶುರುವಾಗಿತ್ತು. ಕೂತಲ್ಲಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದ.

ನಾಲ್ಕನೇ ವರ್ಷ ದೀಪಾವಳಿಗೆ ಮೈದುನ ಒಂದು ಹಟ ಹಿಡಿದ. ರೇಷ್ಮೆಗೆ ಬೇಡಿಕೆ ಏರಿತ್ತು. ಆಕಾಶದಿಂದ ಧುಮುಕುವ ಸಿಪಾಯಿಗಳ ಛತ್ರಿಗೆ ರೇಷ್ಮೆ ಬೇಕಂತೆ ಎಂದು ಸಂತೆಯಲ್ಲಿ ಕೇಳಿ ಬಂದಿದ್ದ. ಹಿಪ್ಪುನೇರಳೆ ಹೊಲದಲ್ಲಿತ್ತು, ಹುಳ ಸಾಕಲು ಮನೆ ಬೇಕು. ಹಿತ್ತಲಿನಲ್ಲಿ ಮಟ್ಟಸವಾದ ಜಾಗ ಒಂದೇ. ಅದರ ನಡುವೆ ನನ್ನ ಗಿಡ.

“ಅದೇನು ಮಾಡ್ತೈತಣ್ಣ ಅಲ್ಲಿ?” ಎಂದು ನಿಮ್ಮ ತಾತನನ್ನು ಕೇಳಿದ. “ಹೂವಿಲ್ಲ, ಹಣ್ಣಿಲ್ಲ. ಎಮ್ಮೆ ಕೂಡ ಎಲೆ ಮೂಸಿ ಮುಖ ತಿರುಗಿಸ್ತೈತೆ. ತೋರಣಕ್ಕೆ ಅಂತ ಯಾರಾದ್ರೂ ಮರ ಸಾಕ್ತಾರಾ?”

ಎರಡು ದಿನ ಬಿಟ್ಟು ಮಾವನವರು ಎಮ್ಮೆಯ ಬೆನ್ನು ಸವರುತ್ತಾ ನನಗೆ ಕೇಳುವಂತೆ ಹೇಳಿದರು. “ಯುಗಾದಿವರೆಗೂ ನೋಡಾನ. ಹಣ್ಣು ಕಾಣಿಸಿದ್ರೆ ಇರ್ಲಿ. ಇಲ್ದಿದ್ರೆ ಯುಗಾದಿ ಮಾರನೇ ದಿನ ಆಚಾರಿ ಬತ್ತಾನೆ. ಆಮೇಲೆ ನನ್ನ ಅನ್ನಬೇಡ.”

ಎಮ್ಮೆ ಮೆಲುಕು ಹಾಕುತ್ತಿತ್ತು. ನಾನು ಒಳಗೆ ಹೋಗಿ ರಾಗಿ ಬೀಸಿದೆ. ಆ ದಿನ ಬೇಕಾದ್ದಕ್ಕಿಂತ ಹೆಚ್ಚು ಬೀಸಿದೆ.

ಕಾರ್ತೀಕ ಮುಗಿದ ಮಾರನೆಯ ದಿನ ಮತ್ತೆ ಬುಡ ಬಿಡಿಸಿದೆ. ಈ ಸಲ ಯಾರೂ ಹತ್ತಿರ ಬರದಂತೆ ಗುಂಡಿಯ ಸುತ್ತ ಜಾಲಿಮುಳ್ಳು ಹಾಕಿ, ಮುಳ್ಳು ಹಾರಿಹೋಗದಂತೆ ಮೂರು ಗುಂಡುಕಲ್ಲು ಇಟ್ಟೆ. ಪಕ್ಕದ ಮನೆಯಲ್ಲಿ ತೆಲುಗು ಮಾತನಾಡುವ ಒಬ್ಬ ಅಕ್ಕ ಇದ್ದಳು. ಗೋಡೆಯ ಮೇಲಿಂದ ನೋಡಿ, “ಅಯ್ಯೋ ಪಾಪಂ, ಎಂಡಿಪೋಯಿಂದಿ!” ಎಂದಳು. ಗಿಡ ಒಣಗಿಹೋಯಿತೆಂದು ಅವಳ ಮರುಕ. ಇನ್ನೂ ಒಣಗಿರಲಿಲ್ಲ. ಒಣಗಲಿ ಎಂದು ನಾನು ಕಾಯುತ್ತಿದ್ದೆ.

ಶುಕ್ರವಾರ ಬೆಳಗ್ಗೆ ಎದ್ದು ನೋಡುತ್ತೇನೆ, ಮೂರು ಕಲ್ಲಿಗೂ ಅರಿಶಿನ ಕುಂಕುಮ. ಮೇಲೆ ಒಂದೊಂದು ಚೆಂಡುಹೂವು. ಪಕ್ಕದ ಮನೆಯ ಅಕ್ಕ ಮುಳ್ಳನ್ನು ಒಂದು ಕಡೆ ಸರಿಸಿ, ಕಲ್ಲುಗಳಿಗೆ ಅಭಿಷೇಕ ಮಾಡಿದ್ದಾಳೆ. ಒಂದು ಕೊಡ ನೀರು ಗುಂಡಿಯಲ್ಲಿ ನಿಂತಿತ್ತು.

“ಅಕ್ಕಾ, ಅದು ದೇವರಲ್ಲ” ಎಂದೆ.

“ಅಲ್ಲ ಅಂತ ಅನ್ನಬೇಡಮ್ಮ, ಕೇಳಿಸ್ಕೊಳ್ತಾವೆ” ಎಂದಳು. “ಮೂರು ಕಲ್ಲು ಮರದ ಬುಡದಾಗೆ ಸುಮ್ಮನೆ ಬಂದು ಕೂತ್ಕೊಳ್ತಾವಾ?”

ಕಲ್ಲು ತೆಗೆಯಲು ಅತ್ತೆ ಬಿಡಲಿಲ್ಲ. ಕುಂಕುಮ ಬಿದ್ದ ಕಲ್ಲನ್ನು ಎತ್ತಿ ಎಸೆಯಬಾರದು. ಮುಂದಿನ ಶುಕ್ರವಾರ ಬೀದಿಯ ಇನ್ನೂ ಇಬ್ಬರು ಹೆಂಗಸರು ಕೊಡ ಹಿಡಿದು ಬಂದರು. ಮಾರ್ಗಶಿರದಲ್ಲಿ ಅರ್ಧ ಕಳೆದುಹೋಯಿತು. ಬಿಸಿಲಿಗೆ ಇಟ್ಟ ಬೇರುಗಳು ನೀರಿನಲ್ಲಿ ತಣ್ಣಗೆ ಕೂತಿದ್ದವು. ಗಿಡಕ್ಕೆ ಅಷ್ಟು ಸುಖ ಹಿಂದೆಂದೂ ಇರಲಿಲ್ಲ.

ಅತ್ತೆ ಶನಿವಾರ ಒಪ್ಪೊತ್ತು ಇರುತ್ತಿದ್ದರು. ಹಗಲೆಲ್ಲ ಏನೂ ಮುಟ್ಟದೆ ಸಂಜೆ ಒಂದು ಹೊತ್ತು ಊಟ. ಆ ಶನಿವಾರ ಮಧ್ಯಾಹ್ನ ಪಕ್ಕದ ಮನೆಯ ಅಕ್ಕ ಬಿಸಿ ಕಜ್ಜಾಯ ತಂದು, “ಒಂದು ತಿನ್ನು ವದಿನಾ” ಎಂದು, ತೆಲುಗಿನಲ್ಲಿ ಅತ್ತಿಗೆಯೆಂದು ಕರೆದು, ಅತ್ತೆಯ ಬಾಯಿಯ ಹತ್ತಿರ ಹಿಡಿದಳು.

“ಒಪ್ಪೊತ್ತು ಇದ್ದೀನಿ” ಎಂದರು ಅತ್ತೆ.

ಅವಳು ತಟ್ಟನೆ ಕೈ ಹಿಂದಕ್ಕೆ ತೆಗೆದು ಕೆನ್ನೆಕೆನ್ನೆ ಬಡಿದುಕೊಂಡಳು. “ತಪ್ಪಾಯ್ತು ತಪ್ಪಾಯ್ತು” ಎಂದಳು. ಮತ್ತೆ ಒತ್ತಾಯ ಮಾಡಲಿಲ್ಲ. ನಾನು ಅವರೆಕಾಯಿ ಸುಲಿಯುತ್ತಾ ಇದನ್ನು ನೋಡಿದೆ. ನಮ್ಮ ಜನ ಹಸಿದವರನ್ನು ಕಂಡರೆ ಬಿಡುವುದಿಲ್ಲ. ಆದರೆ ವ್ರತ ಹಿಡಿದು ಹಸಿದಿರುವವರನ್ನು ಯಾರೂ ಮುಟ್ಟುವುದಿಲ್ಲ.

ಸಂಜೆ ಮಾವನವರು ಹಿತ್ತಲಿಗೆ ಬಂದಾಗ ನಾನು ಎಮ್ಮೆಯ ಹತ್ತಿರ ಹೋದೆ. “ಈ ಗಿಡ ಸಂಕ್ರಾಂತಿವರೆಗೂ ಉಪವಾಸ ಐತೆ. ಅದಕ್ಕೆ ನೀರು ಕೊಟ್ಟರೆ ಕೊಟ್ಟವರಿಗೆ ವ್ರತ ಕೆಡಿಸಿದ ಪಾಪ” ಎಂದೆ.

ಮಾವನವರ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು. ಅಡುಗೆಮನೆಯ ಬಾಗಿಲಲ್ಲಿದ್ದ ಅತ್ತೆ, “ಯಾವ ದೇವರಿಗೆ?” ಎಂದರು.

ಅಷ್ಟು ದೂರ ನಾನು ಯೋಚಿಸಿರಲಿಲ್ಲ. “ನಮ್ಮ ತವರ ಮನೆ ದೇವರಿಗೆ” ಎಂದುಬಿಟ್ಟೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದರು. “ಹಂಗಂತ ಮೊದ್ಲೇ ಬೊಗಳಬಾರದೇನಮ್ಮಿ? ಮಲಗಸ್ತೀನಿ, ಏಳಸ್ತೀನಿ ಅಂತ ಏನೇನೋ ಹೇಳಿದೆ. ವರ್ಷ ವರ್ಷ ಅದರ ವ್ರತ ಕೆಡಿಸಿ ಪಾಪ ಕಟ್ಟಿಕೊಂಡ್ವಲ್ಲ! ಅದಕ್ಕೇ ಹಣ್ಣು ಬಿಟ್ಟಿಲ್ಲ. ಹೆಂಗೆ ಬಿಡ್ತೈತೆ?”

ನಾನು ತಲೆ ತಗ್ಗಿಸಿದೆ. ಸುಳ್ಳು ಹೇಳಿದ್ದಕ್ಕೆ ಆಮೇಲೆ ತವರಿಗೆ ಹೋದಾಗ ಆ ದೇವರಿಗೆ ತೆಂಗಿನಕಾಯಿ ಒಡೆಸಿ ತಪ್ಪೊಪ್ಪಿಕೊಂಡಿದ್ದೇನೆ. ನೀವು ಆ ಬಗ್ಗೆ ಚಿಂತೆ ಮಾಡಬೇಡಿ.

ಮಾರನೆಯ ಬೆಳಗ್ಗೆ ಕೈಕಾಲು ತೊಳೆಯುವ ಕಲ್ಲನ್ನು ಮಾವನವರು ಮೀಟುಗೋಲು ಹಾಕಿ ಹಿತ್ತಲಿನ ಇನ್ನೊಂದು ಮೂಲೆಗೆ ಉರುಳಿಸಿದರು. ಅತ್ತೆ ಬೀದಿಯ ಹೆಂಗಸರಿಗೆಲ್ಲ ಹೇಳಿಬಂದರು. ಶುಕ್ರವಾರ ಯಾರೂ ಕೊಡ ತರಲಿಲ್ಲ, ದೂರದಿಂದ ಕೈ ಮುಗಿದು ಹೋದರು. ಮೈದುನ ಮಾತ್ರ, “ಗಿಡ ಉಪವಾಸ ಮಾಡಿದ್ರೆ ಹೂವಾಗ್ತೈತೆ ಅಂದ್ರೆ ನಮ್ಮೂರ ಬಡವರೆಲ್ಲ ಇಷ್ಟೊತ್ತಿಗೆ ಹೂ ಬಿಡಬೇಕಿತ್ತು” ಎಂದ. ಅತ್ತೆ ಅವನಿಗೆ ಸೌಟು ತೋರಿಸಿದರು.

ಬೇರು ಒಣಗಿತು. ಎಲೆಗಳು ಮೊದಲು ಬಾಗಿದವು, ಆಮೇಲೆ ಹಳದಿಯಾದವು, ಆಮೇಲೆ ಗಾಳಿ ಬಂದಾಗಲೆಲ್ಲ ಹಿಡಿಹಿಡಿ ಉದುರಿದವು. ಉಳಿದವನ್ನು ನಾನು ಕಿತ್ತೆ. ಪುಷ್ಯದ ಚಳಿಯಲ್ಲಿ ಗಿಡ ಬರಿಯ ಕಡ್ಡಿಗಳಾಗಿ ನಿಂತಿತು. ತೊಗಟೆಯಲ್ಲಿ ಸಣ್ಣ ಸುಕ್ಕು ಕಾಣಿಸಿಕೊಂಡಿತು. ಅಪ್ಪ ಇದನ್ನು ಹೇಳಿದ್ದ, ನೋಡಿದವರು ಸತ್ತಿತು ಅನ್ನಬೇಕೆಂದು. ನಾನೂ ನೋಡಿದವಳೇ. ನನಗೂ ಹಾಗೇ ಅನ್ನಿಸಿತು. ಅಪ್ಪನ ಹನ್ನೆರಡು ವರ್ಷದ ಕೆಲಸದಲ್ಲಿ ಉಳಿದಿದ್ದ ಒಂದೇ ಒಂದು ವಸ್ತುವನ್ನು ನನ್ನ ಕೈಯಾರೆ ಒಣಗಿಸಿ ಕೊಂದೆನೇನೋ ಎಂಬ ಭಯ ಹತ್ತಿತು. ಸಂಕ್ರಾಂತಿಗೆ ಇನ್ನೂ ಒಂಬತ್ತು ದಿನವಿತ್ತು.

ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತು ನೋಡಿ ನಾನು ಒಂದು ಚೊಂಬು ನೀರು ತುಂಬಿಕೊಂಡು ಹಿತ್ತಲಿಗೆ ಬಂದೆ. ಅರ್ಧ ಚೊಂಬು ಸಾಕು, ಜೀವ ಹಿಡಿಯುವಷ್ಟು ಎಂದುಕೊಂಡೆ. ಬಗ್ಗಿದ್ದೆ.

“ಏನಮ್ಮಿ ಅದು ಕೈಯಾಗೆ?”

ಕೊಟ್ಟಿಗೆಯ ತಡಿಕೆಯ ಹಿಂದೆ ಅತ್ತೆ ಕೂತಿದ್ದರು. ಎಷ್ಟು ದಿನದಿಂದ ಅಲ್ಲಿ ಕೂರುತ್ತಿದ್ದರೋ ತಿಳಿಯದು, ಕೆಳಗೆ ಚಾಪೆ ಇತ್ತು.

“ನೀರು” ಎಂದೆ.

“ಯಾರಿಗೆ?”

“ನನಗೆ.”

“ಕುಡಿ ಮತ್ತೆ.”

ಅವರು ನೋಡುತ್ತಿರುವ ಹಾಗೆಯೇ ನಾನು ಆ ಚೊಂಬಿನ ನೀರನ್ನೆಲ್ಲ ಕುಡಿದೆ. ದೊಡ್ಡ ಚೊಂಬು ಅದು. “ಒಂಬತ್ತು ದಿನ ತಡ್ಕೊಳ್ಳೋಕಾಗಲ್ವಾ ನಿಂಗೆ?” ಎಂದರು ಅತ್ತೆ. “ಅದು ತಡ್ಕೊಂಡೈತೆ. ಹೋಗು ಒಳಗೆ, ಕೂಸು ಎದ್ದೈತೆ.”

ಸಂಕ್ರಾಂತಿಯ ದಿನ ಅತ್ತೆಯೇ ಪಾರಣೆ ಮಾಡಿಸಿದರು. ನಾನು ತಿಪ್ಪೆಯ ಅಡಿಯ ಹಳೇ ಗೊಬ್ಬರ ತುಂಬಿ ಮಣ್ಣು ಮುಚ್ಚಿದೆ. ಅತ್ತೆ ಒಲೆಯಿಂದ ಇಳಿಸಿದ ಹುಗ್ಗಿಯಲ್ಲಿ ಒಂದು ಸೌಟು ತಂದು ಬುಡಕ್ಕಿಟ್ಟರು. ಬೇಡವೆಂದರೆ ಕೇಳುವವರಲ್ಲ. ಇರುವೆಗಳು ಬಂದವು. ಆಮೇಲೆ ಮನೆಯವರೆಲ್ಲ ಸಾಲಾಗಿ ನಿಂತು ನೀರು ಹಾಕಿದರು. ಒಂದು ತಿಂಗಳು ತಡೆದುಕೊಂಡಿದ್ದವರು. ಮಾವನವರು ಐದು ಬಿಂದಿಗೆ ಹಾಕಿದರು.

ಹದಿನೆಂಟು ದಿನ ಏನೂ ಆಗಲಿಲ್ಲ. ಹತ್ತೊಂಬತ್ತನೆಯ ದಿನ ಕಡ್ಡಿಗಳ ಮೇಲೆ ಗಂಟು ಗಂಟಾಗಿ ಏನೋ ಉಬ್ಬಿತ್ತು. ಅದಾಗಿ ನಾಲ್ಕು ದಿನಕ್ಕೆ ಒಂದೂ ಎಲೆಯಿಲ್ಲದ ಕೊಂಬೆಗಳಲ್ಲಿ ನಸುಗೆಂಪು ಹೂವು. ಎಲೆಗಿಂತ ಮುಂಚೆ ಹೂ ಬಿಡುವುದನ್ನು ನಮ್ಮವರು ಮುತ್ತುಗದಲ್ಲಿ ನೋಡಿದ್ದರು, ಹಿತ್ತಲಲ್ಲಿ ನೋಡಿರಲಿಲ್ಲ. ಪಕ್ಕದ ಮನೆಯ ಅಕ್ಕ ಗೋಡೆ ಹತ್ತಿಯೇ ಬಂದಳು. ಮಾವನವರು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹಿತ್ತಲಿಗೆ ಬಂದು ಹೂವಿನ ಕಡೆ ನೋಡದೆ ಆಕಾಶ ನೋಡಿ ಹೋಗುತ್ತಿದ್ದರು.

ಹೂ ಉದುರಿತು. ನಾನು ಅಪ್ಪನ ಬಳ್ಳಾರಿಯನ್ನು ನೆನೆದು ಹೆದರಿದೆ. ಆದರೆ ನಮ್ಮ ಕಡೆಯ ಗಾಳಿ ಇನ್ನೂ ತಂಪಾಗಿತ್ತು. ಉದುರಿದ ಕಡೆ ಹದಿಮೂರು ಕಾಯಿ ನಿಂತವು.

ಯುಗಾದಿಯ ಮಾರನೆಯ ದಿನ ಆಚಾರಿ ಬಂದ, ಕೊಡಲಿ, ಹಗ್ಗ ಎರಡನ್ನೂ ತಂದಿದ್ದ. ಕಾಯಿಗಳು ನಿಂಬೆಹಣ್ಣಿನ ಗಾತ್ರಕ್ಕೆ ಬಂದಿದ್ದವು, ಹಸಿರು, ಮೈತುಂಬ ರೋಮ. ಮೈದುನ ಒಂದನ್ನು ಮುಟ್ಟಿ ತೋರಿಸಿ, “ಹಣ್ಣು ಕಾಣಿಸಿದ್ರೆ ಅಂತ ನೀನೇ ಅಂದಿದ್ದೆ ಅಪ್ಪಯ್ಯ. ಇದು ಹಣ್ಣಾ? ಇದು ಕಾಯಿ. ಮಾತು ಅಂದ್ರೆ ಮಾತು” ಎಂದ.

ಅವನು ಹೇಳಿದ್ದು ಸರಿಯೇ. ನಾನು ಬಾಗಿಲ ಹಿಂದೆ ನಿಂತಿದ್ದೆ. ನನಗೆ ಹೇಳಲು ಏನೂ ಇರಲಿಲ್ಲ, ಎಮ್ಮೆಗೆ ಹೇಳಲೂ ಇರಲಿಲ್ಲ.

ಮಾವನವರು ಗಿಡದ ಸುತ್ತ ಒಂದು ಸುತ್ತು ಬಂದರು. ಆಚಾರಿಯ ಕೈಯಿಂದ ಹಗ್ಗ ಇಸಿದುಕೊಂಡರು. “ಬಸುರಿ ಮೇಲೆ ಕೊಡಲಿ ಎತ್ತುತೀಯೇನೋ?” ಎಂದು ಮಗನನ್ನು ಕೇಳಿದರು. ಬುಡದಿಂದ ಮೂರು ಮೊಳ ಅಳೆದು, ಕಾಲಿನಿಂದ ನೆಲಕ್ಕೆ ಗೀರು ಎಳೆದು, “ಗೋಡೆ ಇಲ್ಲಿಗೆ ಬರ್ಲಿ” ಎಂದರು.

“ಮೂರು ಮೊಳದಾಗೆ ಎಷ್ಟು ಹುಳದ ತಟ್ಟೆ ಹಿಡೀತಿದ್ವು ಗೊತ್ತಾ ಅತ್ತಿಗೆ?” ಎಂದು ಮೈದುನ ಆಮೇಲೆ ನನ್ನನ್ನು ಕೇಳಿದ. ಆ ಪ್ರಶ್ನೆಯನ್ನು ಅವನು ನಲವತ್ತು ವರ್ಷ ಕೇಳಿದ. ಹುಳದ ಮನೆ ಕಿರಿದಾಗಿಯೇ ಎದ್ದಿತು, ಚೆನ್ನಾಗಿಯೇ ನಡೆಯಿತು.

ಮಾವನವರು ಅಂಚೆಯವನನ್ನು ಕೂರಿಸಿಕೊಂಡು ರಾಯದುರ್ಗಕ್ಕೆ ಕಾರ್ಡು ಬರೆಸಿದರು. ವೈಶಾಖದಲ್ಲಿ ಅಪ್ಪ ಬಂದ. ಬಸ್ಸು ಇಳಿದು ಊರೊಳಗೆ ನಡೆದು ಬರುವುದರಲ್ಲಿ ನಾಲ್ಕು ಕಡೆ ಕೂತು ದಮ್ಮು ಆರಿಸಿಕೊಂಡನಂತೆ. ಜಗುಲಿಗೂ ಹತ್ತದೆ ನೇರವಾಗಿ ಹಿತ್ತಲಿಗೆ ಹೋದ. ಹದಿಮೂರರಲ್ಲಿ ಗಿಣಿ ನಾಲ್ಕು ತಿಂದಿತ್ತು, ಅಳಿಲು ಎರಡು. ಒಂದು ತಾನಾಗಿ ಬಿದ್ದಿತ್ತು. ಮೂರನ್ನು ಮನೆಯವರು ಆಗಲೇ ಹೋಳು ಮಾಡಿ ಹಂಚಿಕೊಂಡು ತಿಂದಿದ್ದರು. ಉಳಿದ ಮೂರು ಕೆಂಪಡರಿ ಕೊಂಬೆಯಲ್ಲಿದ್ದವು. ಅಪ್ಪ ಅವುಗಳ ಕೆಳಗೆ ನಿಂತು ಬಹಳ ಹೊತ್ತು ಮೇಲೆ ನೋಡಿದ. ಕೀಳಲಿಲ್ಲ. ನಾನೇ ಕಿತ್ತೆ.

ಅತ್ತೆ ಅವುಗಳನ್ನು ಇಸಿದುಕೊಂಡು ಹೋಗಿ, ಕಂಬಳಿಹುಳದ ಕೂದಲಿನಂತೆ ಕಂಡ ಆ ರೋಮವೆಲ್ಲ ಹೋಗುವ ತನಕ ತೆಂಗಿನ ನಾರಿನಿಂದ ಉಜ್ಜಿ ತೊಳೆದು ತಂದರು. ಹಣ್ಣುಗಳು ನುಣ್ಣಗಾಗಿದ್ದವು, ಅಲ್ಲಲ್ಲಿ ಸಿಪ್ಪೆಯೂ ಹೋಗಿತ್ತು. ತಟ್ಟೆಯನ್ನು ಜಗುಲಿಯ ಮೇಲೆ ಬೀಗರಿಬ್ಬರ ನಡುವೆ ಇಟ್ಟರು.

ಅಪ್ಪ ಒಂದನ್ನು ಕಚ್ಚಿದ. ನಿಧಾನವಾಗಿ ಅಗಿದ. “ಕಾಯಿ ಇದ್ದಾಗ ಅರ್ಧ ಕಿತ್ತು ಒಗೀಬೇಕಿತ್ತವ್ವ. ಅದಕ್ಕ ಹಣ್ಣ ಸಣ್ಣಾಗ್ಯಾವ” ಎಂದ. ಒಳಗೆ ಅತ್ತೆ, “ಏನು, ಕಾಯಿ ಕೀಳೋದಾ?” ಎಂದದ್ದು ಕೇಳಿಸಿತು.

“ಹುಳಿ ಅದ” ಎಂದ ಅಪ್ಪ.

“ಹುಳೀನೇ” ಎಂದರು ಮಾವನವರು. ಅವರೂ ಒಂದನ್ನು ತಿಂದು ಮುಗಿಸಿದ್ದರು.

ತಟ್ಟೆಯಲ್ಲಿ ಒಂದು ಉಳಿದಿತ್ತು. ಇಬ್ಬರೂ ಅದನ್ನು ನೋಡದೆ ರಸ್ತೆಯ ಕಡೆ ನೋಡುತ್ತಾ ಸ್ವಲ್ಪ ಹೊತ್ತು ಕೂತರು. ಆಮೇಲೆ ಮಾವನವರು ಒಂದು ಬೆರಳಿನಿಂದ ತಟ್ಟೆಯನ್ನು ಅಪ್ಪನ ಕಡೆ ಸರಿಸಿದರು. “ನಿಮ್ಮದಲ್ವಾ, ತಿನ್ನಿ” ಎಂದರು. ಅಪ್ಪ ಅದನ್ನು ಎತ್ತಿಕೊಂಡು, ಗೊರಟೆಯ ಗೆರೆಗೆರೆಯಲ್ಲಿ ಅಂಟಿದ್ದನ್ನೂ ಬಿಡದೆ ತಿಂದ.